ಇಬ್ಬರಿಗೂ ಸೇರಿ ಒಂದೇ ಕಾಗದ

"ಒಂದೇ ಕಾಗದ ಅಂದ್ರೆ ಹೇಗೆ ಡಾಕ್ಟ್ರೇ? ನಾವು ಇಬ್ಬರಿದೀವಲ್ಲ," ಎಂದಳು ಹಿಲ್ಕೆ.

ಡಾಕ್ಟರ್ ಬೂಲೆನ್ಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಊರಿನ ಮೂರು ತಲೆಮಾರಿನ ಕೆಮ್ಮು, ಮಂಡಿನೋವು, ಬಸಿರು ಎಲ್ಲವನ್ನೂ ನೋಡಿದ ಹೆಂಗಸು ಅವರು. ಹಿಲ್ಕೆಯ ಬಾಯಿ ಅವರಿಗೇನೂ ಹೊಸದಲ್ಲ. ಅವಳ ಗಂಡ ರೈಂಡರ್ ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕೂತು, ಕಿಟಕಿಯಾಚೆ ಕಾಲುವೆಯ ನೀರು ಎಷ್ಟು ಏರಿದೆ ಎಂದು ನೋಡುತ್ತಿದ್ದ. ನೀರೆತ್ತುವ ಪಂಪ್‌ಹೌಸಿನಲ್ಲಿ ಅವನಿಗೆ ಕೆಲಸ. ಎಲ್ಲಿ ಕೂತರೂ ಅವನ ಕಣ್ಣು ನೀರಿನ ಮೇಲೇ.

"ಇಬ್ಬರ ರಕ್ತಾನೂ ತಗೋತೀವಿ. ಈ ಪಟ್ಟೀಲಿರೋ ಐವತ್ತು ಚಿಲ್ಲರೆ ಕಾಯಿಲೆ ನೋಡ್ತಾರೆ. ಎಲ್ಲಾ ಎಳೇ ಮಕ್ಕಳನ್ನ ಹಿಂಡಿ ಹಾಕೋ ಅಂಥವು. ಒಂದೇ ಕಾಯಿಲೆಯ ದೋಷ ನಿಮ್ಮಿಬ್ಬರಲ್ಲೂ ಇದ್ರೆ ಮಾತ್ರ ಹೇಳ್ತೀವಿ. ಒಬ್ಬರಲ್ಲಿ ಮಾತ್ರ ಇದ್ರೆ ಮಗು ಆರೋಗ್ಯವಾಗೇ ಇರುತ್ತೆ, ಅದಕ್ಕೇ ಯಾರಲ್ಲಿ ಏನಿದೆ ಅಂತ ಹೇಳೋದೇ ಇಲ್ಲ. ಇಬ್ಬರಿಗೂ ಸೇರಿ ಒಂದು ಉತ್ತರ."

"ನಮ್ಮ ಹೋರಿಗಳಿಗೆ ಇದಕ್ಕಿಂತ ಮರ್ಯಾದೆ ಇದೆ. ಒಂದೊಂದಕ್ಕೂ ಒಂದೊಂದು ಕಾರ್ಡು."

ಅದು ಅವಳ ಕಸುಬಿನ ಮಾತು. ಬೆದೆಗೆ ಬಂದ ಹಸುಗಳಿಗೆ ಬೀಜದ ಹೋರಿಯ ಸೆಮೆನ್ ಹಾಕುವುದು ಹಿಲ್ಕೆಯ ಕೆಲಸ. ಗ್ರೊನಿಂಗೆನ್ ಸೀಮೆಯ ಆ ಕರಾವಳಿಯ ನಲವತ್ತು ಕೊಟ್ಟಿಗೆಗಳಿಗೆ ಅವಳ ಗಾಡಿ ಹೋಗುತ್ತದೆ. ಗಾಡಿಯ ಹಿಂದೆ ಸೆಮೆನ್ ಹೆಪ್ಪುಗಟ್ಟಿಸಿಟ್ಟ, ಹೊಗೆಯಾಡುವ ತಣ್ಣನೆಯ ಕ್ಯಾನು, ಮುಂದಿನ ಸೀಟಿನ ಮೇಲೆ ಹೋರಿಗಳ ಪುಸ್ತಕ. ಯಾವ ಹೋರಿಯ ಹಾಲಿನ ವಂಶ ಎಂಥದು, ಯಾವುದರ ರಕ್ತದಲ್ಲಿ ಯಾವ ದೋಷ ಅಡಗಿದೆ, ಎಲ್ಲ ಅದರಲ್ಲಿ ಅಚ್ಚಾಗಿರುತ್ತದೆ. ಅದನ್ನು ನೋಡದೆ ಅವಳು ಇವತ್ತಿನವರೆಗೆ ಒಂದು ಕಡಸಿನ ಹತ್ತಿರವೂ ಹೋದವಳಲ್ಲ. ಈಗ ಮೂವತ್ತೊಂದು ವಯಸ್ಸಿಗೆ ತನಗೇ ಒಂದು ಮಗು ಬೇಕು ಎನಿಸಿದಾಗ, ಹಸುವಿಗೆ ಮಾಡುವಷ್ಟೂ ವಿಚಾರಣೆ ತನಗೆ ಬೇಡವೇ ಎಂದು ಅವಳೇ ಗಂಡನನ್ನು ಎಳೆದುಕೊಂಡು ಬಂದಿದ್ದಳು. ಬಾಯಿ ಜೋರಾಗಿತ್ತು, ಒಳಗೆ ಮಾತ್ರ ಪುಕ್ಕಲು. ಕಾಲು ಮಡಚಿಕೊಂಡೇ ಹುಟ್ಟಿದ ಕರುಗಳನ್ನು ಅವಳು ಕಣ್ಣಾರೆ ಕಂಡಿದ್ದಳು.

"ಸರಿ," ಎಂದು ಡಾಕ್ಟರು ಪೆನ್ನು ಹಿಡಿದರು. "ಮನೆತನದಲ್ಲಿ ಯಾರಾದ್ರೂ ಎಳೇ ಮಗುವಾಗಿದ್ದಾಗಲೇ ತೀರಿಕೊಂಡಿದ್ದು ಉಂಟಾ?"

"ಇಲ್ಲ," ಎಂದ ರೈಂಡರ್.

ಹಿಲ್ಕೆ ಅವನ ಕಡೆ ತಿರುಗಿದಳು. "ಯೆಲ್ಟೆ ಯಾರು ಮತ್ತೆ?"

ಅವಳಿಗೆ ಆ ಹೆಸರು ಗೊತ್ತಿದ್ದದ್ದು ಅತ್ತೆಯ ಮನೆಯ ಪಾಯಿಖಾನೆಯಿಂದ. ಆ ಸೀಮೆಯಲ್ಲಿ ಎಲ್ಲರ ಮನೆಯಲ್ಲೂ ಹುಟ್ಟುಹಬ್ಬಗಳ ಕ್ಯಾಲೆಂಡರ್ ತೂಗುವುದು ಅಲ್ಲಿಯೇ, ದಿನಕ್ಕೊಂದು ಸಲವಾದರೂ ಕಣ್ಣಿಗೆ ಬೀಳಲಿ ಎಂದು. ನವೆಂಬರ್ ಒಂಬತ್ತರ ಎದುರು ಅತ್ತೆಯ ಸಣ್ಣ ಅಕ್ಷರದಲ್ಲಿ ಯೆಲ್ಟೆ ಎಂದಿತ್ತು. ಇಸವಿ ಇರಲಿಲ್ಲ. ಪಕ್ಕದಲ್ಲಿ ಒಂದು ಪುಟ್ಟ ಶಿಲುಬೆ, ತೀರಿಕೊಂಡವರ ಗುರುತು.

"ಓ, ಅವನಾ," ಎಂದ ರೈಂಡರ್. "ನನಗಿಂತ ಮುಂಚೆ ಒಬ್ಬ ಅಣ್ಣ ಹುಟ್ಟಿದ್ದ. ಕೂಸಿದ್ದಾಗಲೇ ಹೋದ."

"ಏನಾಗಿ?"

"ಗೊತ್ತಿಲ್ಲ."

"ಮೂವತ್ತೆರಡು ವರ್ಷದಲ್ಲಿ ಒಂದು ಸಲಾನೂ ಕೇಳಲಿಲ್ವೇನೋ?"

"ನಮ್ಮನೇಲಿ ಅದನ್ನ ಕೇಳೋ ಹಾಗಿರಲಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಈಗ ಕೇಳಲೇಬೇಕು. ಆ ಮಗು ಯಾವ ಕಾಯಿಲೆಯಿಂದ ಹೋಯ್ತು ಅಂತ ತಿಳಿದ್ರೆ ಅದನ್ನೇ ಹುಡುಕಿ ನೋಡಬಹುದು. ತಿಳೀದೆ ರಕ್ತ ಕಳಿಸಿದ್ರೆ ಬೇಕಾದ್ದೇ ಕಣ್ಣು ತಪ್ಪಬಹುದು. ಅಮ್ಮನ್ನ ಕೇಳ್ಕೊಂಡು ಬನ್ನಿ, ಆಮೇಲೆ ರಕ್ತ ತಗೋತೀನಿ."

ಕೇಳಿಕೊಂಡು ಬನ್ನಿ ಎನ್ನುವುದು ಸುಲಭ. ಆ ಸೀಮೆಯ ಜನರ ಬಾಯಿ ಬಿಡಿಸುವುದು ಅಷ್ಟು ಸಸಾರವಲ್ಲ. ಬಹಳ ಸಂತೋಷವಾದರೂ ಅವರು ಹೇಳುವುದು 'ಇನ್ನೂ ಕಡಿಮೆ ಇರಬಹುದಿತ್ತು' ಎಂದಷ್ಟೇ. ಮದುವೆಯೂಟಕ್ಕೂ ಅದೇ ಮೆಚ್ಚುಗೆ, ಲಾಟರಿ ಹೊಡೆದರೂ ಅದೇ. ದುಃಖಕ್ಕಂತೂ ಅವರ ಬಳಿ ಮಾತೇ ಇಲ್ಲ. ನಿನ್ನಮ್ಮ, ನೀನೇ ಕೇಳು ಎಂದು ಹಿಲ್ಕೆ ಹತ್ತು ದಿನ ಗಂಡನ ಬೆನ್ನು ಬಿದ್ದಳು. ಅವನು ಎರಡು ಸಲ ಹೋಗಿ, ಎರಡು ಸಲವೂ ಕಾಫಿ ಕುಡಿದು, ಅಮ್ಮನ ಮನೆಯ ನಲ್ಲಿ ರಿಪೇರಿ ಮಾಡಿಕೊಟ್ಟು ವಾಪಸ್ಸು ಬಂದ.

ಹನ್ನೊಂದನೆಯ ದಿನ ಮಾವ ಹಾರ್ಮ್‌ನ ಹುಟ್ಟುಹಬ್ಬ. ಸೆಪ್ಟೆಂಬರ್ ಕೊನೆಯ ಭಾನುವಾರ ಬಂದಿತ್ತು. ನಡುಮನೆಯಲ್ಲಿ ಕುರ್ಚಿಗಳನ್ನೆಲ್ಲ ಸುತ್ತಲೂ ವೃತ್ತವಾಗಿ ಇಟ್ಟಿದ್ದರು. ಬಂದವರು ಹಾರ್ಮ್‌ಗೆ ಅಭಿನಂದನೆ ಹೇಳಿ, ಗಂಡನ ಹುಟ್ಟುಹಬ್ಬಕ್ಕೆಂದು ಹೆಂಡತಿ ಗೆಸಿನಾಗೆ, ತಂದೆಯ ಹುಟ್ಟುಹಬ್ಬಕ್ಕೆಂದು ರೈಂಡರನಿಗೆ, ಅಣ್ಣನ ಹುಟ್ಟುಹಬ್ಬಕ್ಕೆಂದು ತಂಗಿ ಸ್ವಾಂಚೆಗೆ, ಹೀಗೆ ಒಬ್ಬೊಬ್ಬರ ಕೈ ಕುಲುಕುತ್ತ ಪೂರ್ತಿ ಒಂದು ಸುತ್ತು ಬಂದೇ ಕೂರಬೇಕು. ಹುಟ್ಟಿದವನು ಒಬ್ಬ, ಪುಣ್ಯ ಎಲ್ಲರಿಗೂ. ಆಮೇಲೆ ಕಾಫಿ, ಒಂದೊಂದು ತುಂಡು ಕೇಕು, ಹಾಲಿನ ದರ, ಮಳೆ.

ಹಿಲ್ಕೆ ಕೈತೊಳೆಯಲು ಹೋಗಿ ಆ ಕ್ಯಾಲೆಂಡರನ್ನು ಇನ್ನೊಮ್ಮೆ ನೋಡಿ ಬಂದಳು. ಕುರ್ಚಿಯಲ್ಲಿ ಕೂತಳು. ಹತ್ತು ದಿನ ಅದುಮಿಟ್ಟ ಪ್ರಶ್ನೆ ನಾಲಿಗೆ ತುದಿಗೆ ಬಂದಿತ್ತು. ಕೊಟ್ಟಿಗೆಗೆ ಹೋದರೆ ಅವಳು ಮೊದಲು ಕೇಳುವುದೇ, ಈ ಹಸುವಿನ ಹಿಂದಿನ ಸೂಲಿನ ಕರು ಏನಾಯ್ತು ಎಂದು. ಯಾವ ರೈತನೂ ಅದಕ್ಕೆ ಮುನಿಸಿಕೊಂಡದ್ದಿಲ್ಲ. ಬಾಯಿಗೆ ಅದೇ ರೂಢಿ.

"ಅತ್ತೆ, ಯೆಲ್ಟೆ ಏನಾಗಿ ಹೋಗಿದ್ದು?" ಎಂದು ವೃತ್ತದ ಈ ಬದಿಯಿಂದ ಆ ಬದಿಗೆ, ಹನ್ನೆರಡು ಜನರ ತಲೆಯ ಮೇಲೆ, ಕೇಳಿಯೇಬಿಟ್ಟಳು.

ರೈಂಡರ್ ಕಣ್ಣು ಮುಚ್ಚಿಕೊಂಡ. ಕೇಳಬಾರದ ಜಾಗದಲ್ಲಿ ಕೇಳಿದೆ ಎಂದು ಹಿಲ್ಕೆಗೆ ಹೊಳೆಯುವಷ್ಟರಲ್ಲಿ ಹಾರ್ಮ್‌ನ ತಂಗಿ ಸ್ವಾಂಚೆ ಕೇಕಿನ ತಟ್ಟೆ ಮಡಿಲಲ್ಲಿಟ್ಟುಕೊಂಡು ತೀರ್ಪು ಕೊಟ್ಟಳು.

"ಅದು ಗೆಸಿನಾ ಕಡೆಯಿಂದ ಬಂದದ್ದಮ್ಮ. ರಕ್ತದ ದೋಷ. ನಮ್ಮ ಕಡೆ ಅಂಥದ್ದು ಯಾವತ್ತೂ ಇರಲಿಲ್ಲ. ನಮ್ಮಮ್ಮ ಸಾಯೋವರೆಗೂ ಅದನ್ನೇ ಹೇಳ್ತಿದ್ರು."

ಅದರಲ್ಲಿ ಕೊಂಕೇನೂ ಇರಲಿಲ್ಲ, ಅದೇ ಹೆಚ್ಚು ಚುಚ್ಚುವಂತಿತ್ತು. ಹವಾಮಾನ ಹೇಳಿದ ಹಾಗೆ ಹೇಳಿದ್ದಳು. ಗೆಸಿನಾ ಎದ್ದು, ತುಂಬಿಯೇ ಇದ್ದ ಕಾಫಿ ಪಾತ್ರೆಯನ್ನು ಕೈಗೆತ್ತಿಕೊಂಡು ಅಡುಗೆಮನೆಗೆ ಹೋದಳು. ಹಿಲ್ಕೆ ಹಿಂದೆಯೇ ಓಡಿದಳು.

"ಅತ್ತೆ, ತಪ್ಪಾಯ್ತು. ನನ್ನ ಬಾಯಿಗೆ ಬೀಗ ಇಲ್ಲ."

"ಪರವಾಗಿಲ್ಲ ಬಿಡು." ಗೆಸಿನಾ ತೊಳೆದ ಬಟ್ಟಲನ್ನೇ ಮತ್ತೆ ತೊಳೆಯುತ್ತಿದ್ದಳು. "ಯಾಕೆ ಕೇಳಿದೆ?"

ಹಿಲ್ಕೆ ಹೇಳಿದಳು. ಮಗು ಬೇಕಾಗಿರುವುದು, ಡಾಕ್ಟರು, ರಕ್ತ, ಪಟ್ಟಿ. ಅತ್ತೆಯ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನೇ ಮಾತಾಡತೊಡಗಿತು.

"ಏಳು ತಿಂಗಳ ಕೂಸು. ಕತ್ತು ನಿಲ್ಲಲೇ ಇಲ್ಲ. ಕೈಕಾಲು ಹತ್ತಿ ಥರ. ಕಣ್ಣು ಮಾತ್ರ ಎಷ್ಟು ಚುರುಕು ಗೊತ್ತಾ, ನಾನು ಹೋದ ಕಡೆಗೆಲ್ಲ ತಿರುಗೋದು. ನಗರದ ಆಸ್ಪತ್ರೆಗೆ ಹೋದ್ವಿ. ಹಾರ್ಮ್‌ಗೆ ಹಾಲು ಕರೆಯೋ ಕೆಲಸ, ಅವರಮ್ಮ ನನ್ನ ಜೊತೆ ಬಂದ್ರು. ಡಾಕ್ಟ್ರು ಏನೋ ಉದ್ದದ ಹೆಸರು ಹೇಳಿದ್ರು. ಹುಟ್ಟಿನಿಂದ ಬಂದದ್ದು, ರಕ್ತದಲ್ಲಿರೋದು, ಇನ್ನೊಂದು ಮಗೂಗೂ ಬರಬಹುದು ಅಂದ್ರು. ಆಮೇಲೆ ನನಗೇನೂ ಕೇಳಿಸಲಿಲ್ಲ. ಬಸ್ಸಲ್ಲಿ ವಾಪಸ್ ಬರ್ತಾ ನಮ್ಮತ್ತೆ ಅಂದ್ರು, ನಮ್ಮ ಮನೆತನದಲ್ಲಿ ಇಂಥದ್ದಿಲ್ಲ ಗೆಸಿನಾ ಅಂತ. ಅಷ್ಟೇ. ಮತ್ತೆ ಯಾರೂ ಏನೂ ಅನ್ನಲಿಲ್ಲ."

"ಮಾವ?"

"ಏನೂ ಅನ್ನಲಿಲ್ಲ ಅಂದೆನಲ್ಲ. ರೈಂಡರ್ ಹುಟ್ಟಿದಾಗ ಒಂದು ವರ್ಷ ಪೂರ್ತಿ ದಿನಾ ಬೆಳಿಗ್ಗೆ ಎದ್ದು ಅವನ ಕತ್ತು ನೋಡ್ತಿದ್ದೆ. ಮೂರನೇದಕ್ಕೆ ಧೈರ್ಯ ಬರಲಿಲ್ಲ. ಈಗ ನನ್ನಿಂದ ಅವನಿಗೆ ಬಂದು, ಅವನಿಂದ ನಿನ್ನ ಮಗೂಗೆ ಬಂದ್ರೆ..." ಅವಳು ಬಟ್ಟಲನ್ನು ಕೆಳಗಿಟ್ಟಳು. "ಅದಕ್ಕೇ ನಾನು ಮೊಮ್ಮಗು ಯಾವಾಗ ಅಂತ ನಿಮ್ಮನ್ನ ಒಂದು ಸಲಾನೂ ಕೇಳಿಲ್ಲ."

ಅತ್ತೆ ಮೊಮ್ಮಗುವಿನ ಸುದ್ದಿ ಎತ್ತದಿರುವುದನ್ನು ಕಂಡು, ತನ್ನನ್ನು ಕಂಡರೆ ಆಗದು ಎಂದೇ ಹಿಲ್ಕೆ ಇಷ್ಟು ದಿನ ತಿಳಿದಿದ್ದಳು. ಆದರೆ ಅದಕ್ಕಿಂತ ದೊಡ್ಡ ಅನ್ಯಾಯವೊಂದು ಈ ಅಡುಗೆಮನೆಯಲ್ಲಿ ಮೂವತ್ತೈದು ವರ್ಷದಿಂದ ಬಟ್ಟಲು ತೊಳೆಯುತ್ತಿತ್ತು.

"ಒಂದು ನಿಮಿಷ ಇರಿ," ಎಂದು ಹಿತ್ತಲ ಬಾಗಿಲಿಂದ ಓಡಿದಳು. ಗಾಡಿಯಿಂದ ಹೋರಿಗಳ ಪುಸ್ತಕ ತಂದು ಬಟ್ಟಲುಗಳ ನಡುವೆ ಬಿಚ್ಚಿಟ್ಟಳು. ಅರವತ್ತೆರಡನೆಯ ಪುಟದಲ್ಲಿ ಕಪ್ಪು ಬಿಳಿ ಮೈಯ ಭಾರಿ ಹೋರಿಯೊಂದು ಗತ್ತಿನಿಂದ ನಿಂತಿತ್ತು.

"ಇದನ್ನ ನೋಡಿ. ಇಲ್ಲಿ ಮೂಲೇಲಿ ಈ ಗುರುತು ಇದೆಯಲ್ಲ, ಇವನು ವಾಹಕ ಅಂತ. ರಕ್ತದಲ್ಲಿ ದೋಷ ಇದೆ, ಮೈಗೆ ಏನೂ ಇಲ್ಲ. ಹೇಗೆ ನಿಂತಿದಾನೆ ನೋಡಿ, ರಾಜನ ಥರ. ಇವನನ್ನ ದೋಷ ಇಲ್ಲದ ಹಸುವಿಗೆ ಹಾಕಿದ್ರೆ ಕರು ನೆಟ್ಟಗೆ ಹುಟ್ಟುತ್ತೆ. ಹಸು ವಾಹಕ ಆಗಿ ಹೋರಿಯಲ್ಲಿ ದೋಷ ಇಲ್ಲ ಅಂದ್ರೂ ಕರು ನೆಟ್ಟಗೆ. ಎರಡೂ ಕಡೆಯಿಂದ ಬಂದು ಸೇರಿದ್ರೆ ಮಾತ್ರ ಕರುಗೆ ಕಾಯಿಲೆ. ಒಂದೇ ಕಡೆಯಿಂದ ಬರೋಕೆ ಸಾಧ್ಯಾನೇ ಇಲ್ಲ ಅತ್ತೆ. ನೀವು ಹೇಳೋ ಕಾಯಿಲೇನೂ ಇದೇ ಥರದ್ದು, ಡಾಕ್ಟ್ರು ತೋರಿಸಿದ ಪಟ್ಟೀಲಿ ನೋಡಿದೀನಿ."

ಗೆಸಿನಾ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಹೋರಿಯನ್ನೇ ನೋಡಿದಳು.

"ಅಂದ್ರೆ, ಹಾರ್ಮ್‌ನಲ್ಲೂ?"

"ಮಾವನಲ್ಲೂ ಇತ್ತು. ಇಲ್ದೇ ಇದ್ದಿದ್ರೆ ಯೆಲ್ಟೆಗೆ ಇಷ್ಟೊತ್ತಿಗೆ ತಲೆ ಬೋಳಾಗ್ತಿತ್ತು, ಆಚೆ ಕೂತು ಹಾಲಿನ ದರ ಮಾತಾಡ್ತಿದ್ದ."

ಗೆಸಿನಾ ಸ್ಟೂಲಿನ ಮೇಲೆ ಕೂತಳು. ಅಳುತ್ತಾಳೆ ಎಂದುಕೊಂಡಳು ಹಿಲ್ಕೆ. ಅಳಲಿಲ್ಲ. ಉಸಿರು ಬಿಟ್ಟಳು. ಎದೆಯ ಮೇಲೆ ಕೂತ ಕಲ್ಲು ಇಳಿದರೆ ಬರುವಂಥ ಉದ್ದನೆಯ ಉಸಿರು. ಆಮೇಲೆ ಎದ್ದು, ಆ ಪುಸ್ತಕವನ್ನು ಪುಟ ತಪ್ಪದ ಹಾಗೆ ಬೆರಳು ಸಿಕ್ಕಿಸಿ ಹಿಡಿದುಕೊಂಡು, ನೇರವಾಗಿ ನಡುಮನೆಗೆ ಹೋಗಿ ವೃತ್ತದ ನಟ್ಟನಡುವೆ ನಿಂತಳು. ಹುಟ್ಟುಹಬ್ಬದ ವೃತ್ತದ ನಡುವೆ ಯಾರೂ ನಿಲ್ಲುವುದಿಲ್ಲ.

"ಹಾರ್ಮ್, ಇದನ್ನ ಓದು. ನಿನ್ನ ಸೊಸೆ ಹೇಳ್ತಾಳೆ, ದೋಷ ಎರಡೂ ಕಡೆಯಿಂದ ಬಂದ್ರೆ ಮಾತ್ರ ಕರುಗೆ ಕಾಯಿಲೆ ಅಂತ. ಹೌದಾ?"

"ಹೌದು," ಎಂದ ಹಾರ್ಮ್, ಪುಸ್ತಕ ನೋಡುವ ಅಗತ್ಯವೂ ಇಲ್ಲದೆ. "ಅದು ಎಲ್ಲರಿಗೂ ಗೊತ್ತಿರೋದೇ."

"ಹಾಗಾದ್ರೆ ಯೆಲ್ಟೆ?"

ಹಾರ್ಮ್ ಕನ್ನಡಕ ಹಾಕಿಕೊಂಡ. ಹೋರಿಯ ಕಡೆ ನೋಡಿದ. ಹೆಂಡತಿಯ ಕಡೆ ನೋಡಿದ. ಮತ್ತೆ ಹೋರಿಯ ಕಡೆ. ಅವನ ಮುಖ ಕೆಂಪೇರಿ, ಆ ಕೆಂಪು ಕಿವಿಗೂ ಹತ್ತಿತು.

"ನಲವತ್ತು ವರ್ಷ ಈ ಪುಸ್ತಕ ಓದಿದೀನಿ," ಎಂದ ಕಡೆಗೆ. "ಒಂದು ದಿನಾನೂ ಹೋರಿ ಹೆಸರಿರೋ ಕಡೆ ನನ್ನ ಹೆಸರಿಟ್ಟು ನೋಡಲಿಲ್ಲ ಗೆಸಿನಾ."

"ಅಮ್ಮ ಹೇಳ್ತಿದ್ರಲ್ಲ, ನಮ್ಮ ಕಡೆ..." ಎಂದು ಸ್ವಾಂಚೆ ಶುರುಮಾಡಿದಳು.

"ಅಮ್ಮನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿರಬೇಕಾಗಿತ್ತು." ಹಾರ್ಮ್ ಎದ್ದ. ಹನ್ನೆರಡು ಜನರೆದುರು ಹೆಂಡತಿಯ ಕೈ ಹಿಡಿದ. ಅದು ಅವರ ಮದುವೆಯ ದಿನವೂ ನಡೆದಿತ್ತೋ ಇಲ್ಲವೋ ಅನುಮಾನ. "ನಮ್ಮ ಕಡೆಯಿಂದಲೂ ಬಂದಿತ್ತು ಸ್ವಾಂಚೆ. ಅರ್ಧ ನಂದೇ."

ಸ್ವಾಂಚೆ ಕೇಕಿನ ತಟ್ಟೆಯನ್ನು ನೆಲದ ಮೇಲಿಟ್ಟಳು. ತಿನ್ನಲಿಲ್ಲ.

ಆಸ್ಪತ್ರೆಯ ಹಳೆಯ ಕಾಗದ ಬೀರುವಿನ ಬಟ್ಟೆಗಳ ಕೆಳಗೆ ಸಿಕ್ಕಿತು. ಡಾಕ್ಟರ್ ಬೂಲೆನ್ಸ್ ಅದನ್ನು ಓದಿ ನಗರದ ಆಸ್ಪತ್ರೆಗೆ ಫೋನು ಮಾಡಿದರು. ಸ್ನಾಯುಗಳನ್ನು ಸೊರಗಿಸುವ ಆ ಕಾಯಿಲೆಯನ್ನು ಬೇರೆಯಾಗಿಯೇ, ಎರಡು ಸಲ ನೋಡುತ್ತೇವೆ ಎಂದರಂತೆ ಅಲ್ಲಿನವರು.

"ಈ ಒಂದು ಕಾಯಿಲೆ ವಿಷಯದಲ್ಲಿ ಬೇಕಾದ್ರೆ ಒಬ್ಬೊಬ್ಬರದೂ ಬೇರೆ ಬೇರೆ ತಿಳ್ಕೋಬಹುದು," ಎಂದರು ಡಾಕ್ಟರು, ಹಿಲ್ಕೆಯ ತೋಳಿಗೆ ಪಟ್ಟಿ ಬಿಗಿಯುತ್ತ. "ನೀನೇ ಕೇಳಿದ್ಯಲ್ಲ, ಹೋರಿ ಥರ ಒಂದೊಂದು ಕಾರ್ಡು."

ಹಿಲ್ಕೆ ಗಂಡನ ಮುಖ ನೋಡಿದಳು. ಅವನು ಭುಜ ಕುಣಿಸಿದ.

"ಬೇಡ ಡಾಕ್ಟ್ರೇ. ಇಬ್ಬರಿಗೂ ಸೇರಿ ಒಂದೇ ಇರಲಿ."

ಉತ್ತರ ಬರಲು ಐದು ವಾರ ಹಿಡಿಯಿತು. ಆ ಐದು ವಾರ ಹಿಲ್ಕೆ ಏನನ್ನೂ ನೆಟ್ಟಗೆ ತಿನ್ನಲಿಲ್ಲ. ರೈಂಡರ್ ಪಂಪ್‌ಹೌಸಿಗೆ ಹೋಗಿ, ಸರಿಯಿದ್ದ ಪಂಪನ್ನೂ ಬಿಚ್ಚಿ ಜೋಡಿಸುತ್ತಿದ್ದ. ಗೆಸಿನಾ ಮಾತ್ರ ದಿನ ಬಿಟ್ಟು ದಿನ ಸೂಪು ಹೊತ್ತುಕೊಂಡು ಬಂದು, ಪಾತ್ರೆ ಒಲೆಯ ಮೇಲಿಟ್ಟು ಹೋಗುತ್ತಿದ್ದಳು.

ನವೆಂಬರ್ ಏಳರ ಬೆಳಿಗ್ಗೆ ಹತ್ತು ಗಂಟೆಗೆ ಹಿಲ್ಕೆ ವಿಬ್ರಾಂಟ್ ಎಂಬ ಮುದಿ ರೈತನ ಕೊಟ್ಟಿಗೆಯಲ್ಲಿದ್ದಳು. ಉದ್ದನೆಯ ಕೈಗವಸು ತೊಟ್ಟ ಅವಳ ಎಡಗೈ ಭುಜದವರೆಗೆ ಹಸುವಿನ ಒಳಗಿತ್ತು. ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು.

"ವಿಬ್ರಾಂಟ್, ಆ ಫೋನ್ ತೆಗೆದು ನನ್ನ ಕಿವಿಗೆ ಹಿಡಿಯಪ್ಪ, ಬೇಗ!"

ವಿಬ್ರಾಂಟ್ ಎರಡು ಬೆರಳಲ್ಲಿ ಫೋನೆತ್ತಿ, ಮುಖ ಅತ್ತ ತಿರುಗಿಸಿ, ಅವಳ ಕಿವಿಗೆ ಹಿಡಿದ.

"ಹಿಲ್ಕೆ, ಎಲ್ಲಿದೀಯ?" ಡಾಕ್ಟರ್ ಬೂಲೆನ್ಸರ ದನಿ.

"ಹಸುವಿನ ಒಳಗೆ. ಹೇಳಿ."

"ಇಬ್ಬರನ್ನೂ ಕೂರಿಸ್ಕೊಂಡು ಹೇಳಬೇಕು ಅನ್ನೋದು ಕ್ರಮ. ರೈಂಡರ್‌ಗೆ ಆಗಲೇ ಹೇಳಿದೆ, ಅವಳಿಗೂ ಈಗಲೇ ಹೇಳಿಬಿಡಿ, ಸಂಜೆವರೆಗೆ ತಡ್ಕೊಳ್ಳಲ್ಲ ಅಂದ. ಕೇಳು. ನೀವಿಬ್ಬರೂ ಸೇರಿದ್ರೆ ಅಪಾಯ ಹೆಚ್ಚಿಲ್ಲ. ಪಟ್ಟಿಯ ಯಾವ ಕಾಯಿಲೆಗೂ ಇಲ್ಲ. ಅಣ್ಣನ ಕಾಯಿಲೆಗೂ ಇಲ್ಲ. ಜಗತ್ತಿನ ಎಲ್ಲಾ ಕಾಯಿಲೆಗೂ ನಾನು ಜಾಮೀನು ನಿಲ್ಲೋಕಾಗಲ್ಲ, ಆದ್ರೆ ಇವತ್ತು ಧಾರಾಳವಾಗಿ ಊಟ ಮಾಡು."

ಹಿಲ್ಕೆ ಹಣೆಯನ್ನು ಹಸುವಿನ ಬೆಚ್ಚನೆಯ ಪಕ್ಕೆಗೆ ಒತ್ತಿ ಹೋ ಎಂದು ಅತ್ತಳು. ಹಸು ಕಿವಿ ಆಡಿಸಿತು, ಮೇವು ಮೆಲ್ಲುವುದನ್ನು ಬಿಡಲಿಲ್ಲ.

ವಿಬ್ರಾಂಟ್ ಗಾಬರಿಯಾದ. "ಏನಾಯ್ತು? ನನ್ನ ಹಸುಗೆ ಏನಾದ್ರೂ ಕೆಟ್ಟದ್ದಿದೆಯಾ?"

"ಹಸುಗೇನೂ ಆಗಿಲ್ಲ ಮಾರಾಯ. ನಿನ್ನ ಹಸು ಬಂಗಾರ."

"ಅದಕ್ಕೆ ಅಳ್ತಾರಾ ಯಾರಾದ್ರೂ?" ಎಂದು ಗೊಣಗುತ್ತ ಅವನು ಫೋನನ್ನು ಅವಳ ಜೇಬಿಗೆ ತುರುಕಿದ.

ಸಂಜೆ ಇಬ್ಬರೂ ಡಾಕ್ಟರಿಂದ ಉತ್ತರದ ಕಾಗದ ಇಸಿದುಕೊಂಡು ಅತ್ತೆಯ ಮನೆಗೆ ಹೋದರು. ಗೆಸಿನಾ ದೀಪದ ಕೆಳಗೆ ನಿಂತು ಎರಡು ಸಲ ಓದಿದಳು. ಮೇಲೆ ಇಬ್ಬರ ಹೆಸರು ಒಂದರ ಪಕ್ಕ ಒಂದಿತ್ತು. ಕೆಳಗೆ ಎರಡು ಸಾಲು.

"ದೋಷ ಯಾರಲ್ಲಿದೆ, ಯಾರಲ್ಲಿಲ್ಲ ಅಂತ ಬರೆದೇ ಇಲ್ಲ."

"ಬರೆಯಲ್ಲ ಅತ್ತೆ. ನಾವೇ ಬೇಡ ಅಂದ್ವಿ."

ಗೆಸಿನಾ ಕಾಗದವನ್ನು ಮಡಚಿ, ಮಡಿಕೆಯ ಮೇಲೆ ಉಗುರಾಡಿಸಿ, ಹಿಂತಿರುಗಿಸಿದಳು.

"ಇಂಥ ಕಾಗದ ನನಗೂ ಒಂದು ಕೊಟ್ಟಿದ್ರೆ ಚೆನ್ನಾಗಿತ್ತು," ಎಂದಳು. "ನೀವಿಬ್ಬರೂ ಅಂತ ಬರೆದದ್ದು." ಆಮೇಲೆ, ಬಾಗಿಲಿನತ್ತ ನೋಡುತ್ತ, "ನಾಡಿದ್ದು ಮೂರು ಗಂಟೆಗೆ ಬನ್ನಿ. ಕಾಫಿ ಇದೆ."

ನಾಡಿದ್ದು ಎಂದರೆ ನವೆಂಬರ್ ಒಂಬತ್ತು, ಯೆಲ್ಟೆಯ ದಿನ. ಹಿಲ್ಕೆಗೆ ಅದು ಹೊಳೆದದ್ದು ಗಾಡಿ ಹತ್ತಿದ ಮೇಲೆ.

ಮೂರು ಗಂಟೆಗೆ ಹೋದಾಗ ನಡುಮನೆಯಲ್ಲಿ ಕುರ್ಚಿಗಳು ವೃತ್ತವಾಗಿದ್ದವು. ಮೇಜಿನ ಮೇಲೆ ಕೇಕು. ಹಾರ್ಮ್ ಹೊಸ ಅಂಗಿ ತೊಟ್ಟು, ಹೊಸ ಮದುಮಗನ ಹಾಗೆ ಕೈ ಎಲ್ಲಿಡಬೇಕೆಂದು ತಿಳಿಯದೆ ಕೂತಿದ್ದ. ಗೆಸಿನಾ ಅವನ ಪಕ್ಕದಲ್ಲಿದ್ದಳು. ಆ ಮನೆಯಲ್ಲಿ ಮೂವತ್ತೈದು ವರ್ಷದಿಂದ ನವೆಂಬರ್ ಒಂಬತ್ತಕ್ಕೆ ಯಾರೂ ಬಾಗಿಲು ತಟ್ಟಿದ್ದಿಲ್ಲ. ಈಗ ಏನು ಹೇಳಬೇಕೆಂದು ಯಾರಿಗೂ ಗೊತ್ತಿರಲಿಲ್ಲ.

ಎಲ್ಲರಿಗಿಂತ ಕೊನೆಗೆ ಬಂದವಳು ಸ್ವಾಂಚೆ. ಕೋಟು ಬಿಚ್ಚಿ ಗೂಟಕ್ಕೆ ಹಾಕಿದಳು, ಸೆರಗಿಲ್ಲದ ಕಡೆ ಸೆರಗು ಸರಿಮಾಡುವವಳ ಹಾಗೆ ಉಣ್ಣೆ ಅಂಗಿಯ ತುದಿ ಎಳೆದುಕೊಂಡಳು. ವೃತ್ತವನ್ನು ಅಣ್ಣನಿಂದ ಶುರುಮಾಡುವುದು ಅವಳ ರೂಢಿ. ಇವತ್ತು ಅಣ್ಣನನ್ನು ದಾಟಿ ನೇರ ಗೆಸಿನಾಳ ಮುಂದೆ ನಿಂತಳು. ಕೈ ಚಾಚಿದಳು.

"ಮಗನ ಹುಟ್ಟುಹಬ್ಬಕ್ಕೆ ಅಭಿನಂದನೆ, ಗೆಸಿನಾ."

ಗೆಸಿನಾ ಎದ್ದು ನಿಂತು ಆ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಸುಮಾರು ಹೊತ್ತು ಬಿಡಲಿಲ್ಲ. ಆಮೇಲೆ ಸ್ವಾಂಚೆ ಹಾರ್ಮ್‌ನತ್ತ ತಿರುಗಿ ಅವನಿಗೂ ಅದೇ ಮಾತು ಹೇಳಿದಳು. ಅಣ್ಣನ ಹುಟ್ಟುಹಬ್ಬಕ್ಕೆಂದು ರೈಂಡರನಿಗೆ, ಭಾವನ ಹುಟ್ಟುಹಬ್ಬಕ್ಕೆಂದು ಹಿಲ್ಕೆಗೆ, ಹೀಗೆ ಒಂದು ಸುತ್ತು ಪೂರ್ತಿ ಬಂದು ಕೂತಳು.

"ಕೇಕು ಹೇಗಿದೆ?" ಎಂದು ಹಾರ್ಮ್ ಹೆಂಡತಿಯನ್ನು ಕೇಳಿದ.

ಗೆಸಿನಾ ಒಂದು ತುಂಡು ಬಾಯಿಗಿಟ್ಟು, ಕಣ್ಣೊರೆಸಿಕೊಂಡು, ಯೋಚಿಸಿದಳು.

"ಇನ್ನೂ ಕಡಿಮೆ ಇರಬಹುದಿತ್ತು," ಎಂದಳು.